ಅಪ್ಪನ ಹೆಸರಲ್ಲಿ ಏನಾದರೂ ಮಾಡಬೇಕು: ಕೋಣೆಯಾ, ಪದಕವಾ, ಬೇರೆ ದಾರಿ ಇದೆಯಾ?

ಮೂರನೇ_ಮಗಳು
ಅಪ್ಪ ತೀರಿಕೊಂಡು ಸ್ವಲ್ಪ ಕಾಲವಾಯಿತು. ಅವರು ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸದವರು. ಆ ಲೇತ್ ಮುಂದೆ ನಿಂತೇ ನಮ್ಮನ್ನೆಲ್ಲ ಓದಿಸಿದರು. ಸಾಲ ತೀರಿಸಿ, ಅಮ್ಮನಿಗೆ ಬೇಕಾದ್ದನ್ನು ಬೇರೆ ಇಟ್ಟ ಮೇಲೂ ಅವರು ಉಳಿಸಿದ ದುಡ್ಡಿನಲ್ಲಿ ಒಂದಿಷ್ಟು ಮಿಕ್ಕಿದೆ. ದೊಡ್ಡ ಮೊತ್ತ ಅಲ್ಲ, ತೀರಾ ಚಿಕ್ಕದೂ ಅಲ್ಲ. ಅದನ್ನು ಹಂಚಿಕೊಳ್ಳೋದು ಬೇಡ, ಅಪ್ಪನ ಹೆಸರಲ್ಲಿ ಯಾರಿಗಾದರೂ ಉಪಯೋಗವಾಗಲಿ ಅನ್ನುವುದಕ್ಕೆ ಮೂವರು ಮಕ್ಕಳೂ ಒಪ್ಪಿದ್ದೇವೆ. ಜಗಳ ಇರೋದು ಹೇಗೆ ಅನ್ನುವುದರಲ್ಲಿ.

ಅಪ್ಪ ಕಲಿತ ತರಬೇತಿ ಸಂಸ್ಥೆಯಲ್ಲಿ ಒಂದು ಕೋಣೆ ಕಟ್ಟಿಸಿ, ಬಾಗಿಲ ಪಕ್ಕ ಕಲ್ಲಿನಲ್ಲಿ ಹೆಸರು ಕೆತ್ತಿಸಬೇಕು ಅಂತ ಅಣ್ಣ. ಅಸಲು ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ವರ್ಷ ವರ್ಷ ಮೊದಲ ಸ್ಥಾನ ಬಂದವರಿಗೆ ಪದಕ ಕೊಡಬೇಕು ಅಂತ ಅಕ್ಕ. ನನಗೆ ಎರಡರಲ್ಲೂ ಅಪ್ಪ ಕಾಣಿಸುತ್ತಿಲ್ಲ. ಅವರು ಯಾವತ್ತೂ ಮೊದಲ ಸ್ಥಾನ ಬಂದವರಲ್ಲ. ಕೋಣೆಗೀಣೆ ಅಂದರೆ ನಕ್ಕುಬಿಡುತ್ತಿದ್ದರು. ಆದರೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಯಾರಿಗೂ ಹೇಳದೆ, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಕೊಡಿಸುತ್ತಿದ್ದರು. "ಅಳತೆ ಸಾಮಾನು ಸ್ವಂತದ್ದಿರಬೇಕು" ಅನ್ನುತ್ತಿದ್ದರಂತೆ. ಇದು ನಮಗೆ ಗೊತ್ತಾಗಿದ್ದೇ ಅವರು ಹೋದ ಮೇಲೆ, ಮನೆಗೆ ಬಂದವರು ಹೇಳಿದಾಗ.

ಅಪ್ಪ ಅಮ್ಮನ ಹೆಸರಲ್ಲಿ ಇಂಥದ್ದು ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಏನು ಮಾಡಿದಿರಿ, ಈಗ ಅದು ಹೇಗೆ ನಡೆಯುತ್ತಿದೆ?

ಗಡಿಬಿಡಿ_ಗುಂಡ
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ. ಕ್ಯಾಲಿಪರ್ ಕೊಡಿಸಿ. ಮುಗೀತು.

ಓದುಗ_7
ಗುಂಡಣ್ಣ ಹೇಳಿದ್ದಕ್ಕೆ ನಂದೂ ಒಂದು ಮತ. ಆದರೆ ಅಣ್ಣ ಅಕ್ಕ ಒಪ್ಪಬೇಕಲ್ಲ, ಕಷ್ಟ ಇರೋದು ಅಲ್ಲಿ.

ನಿಷ್ಠುರವಾದಿ
ಬೇಜಾರಾಗಬೇಡಿ, ನಿಮಗೇ ಅಂತ ಹೇಳುತ್ತಿಲ್ಲ. ಇರುವಾಗ ತಿಂಗಳಿಗೊಂದು ಫೋನ್ ಮಾಡದ ಮಕ್ಕಳು ಹೋದ ಮೇಲೆ ಸಭಾಂಗಣ ಕಟ್ಟಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಇಂಥ ದಾನದಲ್ಲಿ ಅರ್ಧ ತಪ್ಪಿತಸ್ಥ ಭಾವನೆ, ಇನ್ನರ್ಧ ನೆಂಟರಿಗೆ ತೋರಿಸುವುದು. ಅದರ ಬದಲು ಆ ದುಡ್ಡು ನಿಮ್ಮ ಅಮ್ಮನ ಹೆಸರಿನಲ್ಲೇ ಇರಲಿ.

ಮೂರನೇ_ಮಗಳು
ಅಮ್ಮನ ಭಾಗ ಬೇರೆ ಇದೆ ಅಂತ ಮೇಲೇ ಬರೆದಿದ್ದೇನೆ. ಈ ಯೋಚನೆ ಮೊದಲು ಬಂದದ್ದೂ ಅಮ್ಮನಿಗೇ.

ಹಳೇ_ನೋಟ್‌ಬುಕ್
ನಿಷ್ಠುರ ಅವರೇ, ತಪ್ಪಿತಸ್ಥ ಭಾವನೆಯಿಂದ ಕೊಟ್ಟ ಫೀಸಿನಲ್ಲಿ ಓದಿದ ಮಗುವಿಗೆ ಅದರಿಂದ ಏನು ತೊಂದರೆ? ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಅಂತ ಪಡೆದವರು ಯಾಕೆ ತಲೆಕೆಡಿಸಿಕೊಳ್ಳಬೇಕು?

ನಿಷ್ಠುರವಾದಿ
ಆ ಮಗುವನ್ನು ವೇದಿಕೆ ಹತ್ತಿಸಿ, ಕೈಗೆ ಚೆಕ್ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದೇ ತೊಂದರೆ. ನನ್ನನ್ನೂ ಹಾಗೆ ನಿಲ್ಲಿಸಿದ್ದರು. ಯಾರದೋ ತಾಯಿಯ ಹೆಸರಿನ ವಿದ್ಯಾರ್ಥಿವೇತನ. "ಈ ಬಡ ಹುಡುಗ" ಅಂತಲೇ ಮೈಕಿನಲ್ಲಿ ಕರೆದರು. ಆಕೆಯ ಹೆಸರು ಇವತ್ತಿಗೂ ನೆನಪಿದೆ, ಆದರೆ ಅವರು ಅಂದುಕೊಂಡ ಹಾಗಲ್ಲ.

ಹಳೇ_ನೋಟ್‌ಬುಕ್
ಇದನ್ನೇ ಮೊದಲು ಹೇಳಬಹುದಿತ್ತಲ್ಲ. ಇದು ತುಂಬಾ ಮುಖ್ಯವಾದ ಮಾತು. ಮೂರನೇ ಮಗಳೇ, ಇದನ್ನು ಗುರುತು ಹಾಕಿಟ್ಟುಕೊಳ್ಳಿ: ಪಡೆಯುವವರ ಹೆಸರು, ಫೋಟೋ ಹೊರಗೆ ಹೋಗಕೂಡದು ಅಂತ ಪತ್ರದಲ್ಲೇ ಬರೆಸಿ.

ಲೆಕ್ಕಪುಸ್ತಕ
ಅಕ್ಕನ ಪದಕದ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ. ಶಾಶ್ವತ ದತ್ತಿ ಅಂದ ಕೂಡಲೇ ಎಲ್ಲರಿಗೂ ಇಷ್ಟ. ಅಸಲು ಹಾಗೇ ಇರುತ್ತೆ, ಬಡ್ಡಿ ಬರುತ್ತಾ ಇರುತ್ತೆ, ಹೆಸರು ಉಳಿಯುತ್ತೆ. ಅಸಲು ಹಾಗೇ ಇರೋದೇ ಇಲ್ಲಿ ತೊಂದರೆ.

ನಿಮ್ಮ ಮೊತ್ತ 100 ಅಂತ ಇಟ್ಟುಕೊಳ್ಳಿ. ಬಡ್ಡಿ 7%, ಬೆಲೆ ಏರಿಕೆ 5% ಅನ್ನೋಣ. ಬಂದ 7ನ್ನೂ ಪ್ರತಿ ವರ್ಷ ಖರ್ಚು ಮಾಡಿದರೆ ಕಾಗದದ ಮೇಲೆ 100 ಸದಾ 100 ಆಗಿಯೇ ಇರುತ್ತೆ. ಆದರೆ ಬೆಲೆ ಎರಡರಷ್ಟಾಗಲು ಎಷ್ಟು ವರ್ಷ ಅಂತ ಅಂದಾಜು ಮಾಡಲು 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ ನೋಡಿ. 14 ವರ್ಷ ಚಿಲ್ಲರೆ. ಅಷ್ಟರಲ್ಲಿ ಆ 7 ಕೊಳ್ಳುವ ಸಾಮಾನು ಅರ್ಧಕ್ಕೆ ಇಳಿದಿರುತ್ತೆ. ಇನ್ನೊಂದು 14 ವರ್ಷಕ್ಕೆ ಕಾಲು ಭಾಗ. ಬೆಳ್ಳಿ ಪದಕ ಅಂತ ಶುರುವಾಗಿ ಕೊನೆಗೆ ಬರೀ ಪ್ರಮಾಣಪತ್ರ ಉಳಿಯೋದು ಹೀಗೆ.

ನಿಜಕ್ಕೂ ಶಾಶ್ವತ ಬೇಕಾದರೆ 7ರಲ್ಲಿ 5ನ್ನು ಅಸಲಿಗೆ ಸೇರಿಸಿ 2 ಮಾತ್ರ ಖರ್ಚು ಮಾಡಬೇಕು. ಇನ್ನೊಂದು ದಾರಿ, 10 ವರ್ಷದಲ್ಲಿ ಅಸಲು ಬಡ್ಡಿ ಎರಡನ್ನೂ ಪೂರ್ತಿ ಮುಗಿಸುವುದು. ಹಾಗೆ ಮಾಡಿದರೆ ಮೊದಲ ವರ್ಷ ಹತ್ತಿರ ಹತ್ತಿರ 11 ಕೊಡಬಹುದು, ಆಮೇಲೆ ಪ್ರತಿ ವರ್ಷ 5% ಏರಿಸುತ್ತಲೂ ಹೋಗಬಹುದು. ಅಂದರೆ ಶಾಶ್ವತದ ದಾರಿಯಲ್ಲಿ ಒಬ್ಬರಿಗೆ ಸಿಗೋದು, ಈ ದಾರಿಯಲ್ಲಿ ಐದು ಜನರಿಗೆ ಸಿಗುತ್ತೆ. ದೊಡ್ಡ ಮೊತ್ತ ಇದ್ದವರು ಶಾಶ್ವತದ ಬಗ್ಗೆ ಯೋಚಿಸಲಿ. ನಮ್ಮ ನಿಮ್ಮ ಥರದವರಿಗೆ ಅದು ದುಬಾರಿ.

ಗಡಿಬಿಡಿ_ಗುಂಡ
ಲೆಕ್ಕದ ಸರ್ ಬಂದರು, ಇನ್ನು ಯಾರೂ ಭಾವುಕರಾಗುವ ಹಾಗಿಲ್ಲ 😄

ಓದುಗ_7
7% ಯಾವ ಬ್ಯಾಂಕಿನಲ್ಲಿ ಸರ್? ನಮಗೂ ಹೇಳಿ.

ಲೆಕ್ಕಪುಸ್ತಕ
ಉದಾಹರಣೆ ಅಂದೆನಲ್ಲ ಮಾರಾಯ್ರೆ. ದರ ಯಾವುದಾದರೂ ಇರಲಿ. ಬಡ್ಡಿಯಲ್ಲಿ ಬೆಲೆ ಏರಿಕೆ ಕಳೆದು ಉಳಿಯುವುದಷ್ಟೇ ನಿಮ್ಮದು. ಕೆಲವು ವರ್ಷ ಅದು ಸೊನ್ನೆಗಿಂತ ಕೆಳಗೂ ಇರುತ್ತೆ.

ಇತಿಹಾಸ_ಪ್ರಿಯ
ಲೆಕ್ಕಪುಸ್ತಕ ಹೇಳಿದ್ದಕ್ಕೆ ದೊಡ್ಡ ಸಾಕ್ಷಿ ನೊಬೆಲ್. ಆಲ್ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದರು, 1896ರಲ್ಲಿ ತೀರಿಕೊಂಡರು, ಮೊದಲ ಪ್ರಶಸ್ತಿ 1901ರಲ್ಲಿ. ದುಡ್ಡನ್ನು ಸುರಕ್ಷಿತ ಸಾಲಪತ್ರಗಳಲ್ಲೇ ತೊಡಗಿಸಬೇಕು ಅಂತ ನಿಯಮ ಇತ್ತು. ಬೆಲೆ ಏರಿಕೆ, ತೆರಿಗೆ ಎರಡೂ ತಿಂದು ಪ್ರಶಸ್ತಿಯ ನಿಜವಾದ ಬೆಲೆ ದಶಕಗಳ ಕಾಲ ಇಳಿಯುತ್ತಲೇ ಹೋಯಿತು. 1950ರ ದಶಕದಲ್ಲಿ ನಿಯಮ ಸಡಿಲಿಸಿ ಷೇರುಗಳಲ್ಲೂ ಹಾಕಲು ಬಿಟ್ಟ ಮೇಲೆ ನಿಧಾನಕ್ಕೆ ಚೇತರಿಸಿಕೊಂಡಿತು. ಅಷ್ಟಾದರೂ 2012ರಲ್ಲಿ ಪ್ರಶಸ್ತಿಯನ್ನು 1 ಕೋಟಿ ಕ್ರೋನರಿನಿಂದ (ಸ್ವೀಡನ್ನಿನ ಹಣ) 80 ಲಕ್ಷಕ್ಕೆ ಇಳಿಸಿದರು. ಮತ್ತೆ 1 ಕೋಟಿ ಮುಟ್ಟಿದ್ದು 2020ರಲ್ಲಿ. ನೊಬೆಲ್‌ಗೇ ಈ ಗತಿ.

ಶಾಶ್ವತ ಬೇಡ ಅಂದವರೂ ಇದ್ದಾರೆ. ಅಮೆರಿಕದ ಜೂಲಿಯಸ್ ರೋಸನ್‌ವಾಲ್ಡ್ ಅಂತ ಒಬ್ಬ ವ್ಯಾಪಾರಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಸುಮಾರು 5000 ಶಾಲೆಗಳು ಏಳಲು ನೆರವಾದವರು. ತಾವು ಸತ್ತ 25 ವರ್ಷದೊಳಗೆ ನಿಧಿಯನ್ನು ಪೂರ್ತಿ ಖರ್ಚು ಮಾಡಿ ಮುಚ್ಚಬೇಕು ಅಂತ ಷರತ್ತು ಹಾಕಿದ್ದರು. ಅವರು ಹೋದದ್ದು 1932ರಲ್ಲಿ, ನಿಧಿ ಮುಗಿದದ್ದು 1948ರಲ್ಲಿ. ಮುಂದಿನ ತಲೆಮಾರಿನ ಕಷ್ಟಗಳಿಗೆ ಮುಂದಿನ ತಲೆಮಾರಿನ ದಾನಿಗಳು ಹುಟ್ಟುತ್ತಾರೆ ಅನ್ನೋದು ಅವರ ನಂಬಿಕೆ.

ನಿಷ್ಠುರವಾದಿ
ಕೋಟ್ಯಧಿಪತಿಗಳ ಕತೆ ಟರ್ನರ್ ಮನೆಯವರಿಗೆ ಯಾಕೆ?

ಇತಿಹಾಸ_ಪ್ರಿಯ
ಸರಿ, ಕುಶಲಕರ್ಮಿಗಳ ಕತೆಯನ್ನೇ ಹೇಳುತ್ತೇನೆ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಮೊದಲು ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1790ರಲ್ಲಿ ತೀರಿಕೊಂಡಾಗ ಬಾಸ್ಟನ್, ಫಿಲಡೆಲ್ಫಿಯಾ ಎರಡೂ ಊರಿಗೆ ತಲಾ 1000 ಪೌಂಡ್ ಬಿಟ್ಟುಹೋದರು. ಕೆಲಸ ಕಲಿತು ಮುಗಿಸಿದ, ಮದುವೆಯಾದ, 25 ದಾಟದ ಯುವಕರಿಗೆ ಸ್ವಂತ ಕಸುಬು ಶುರು ಮಾಡಲು ಅದರಿಂದ 5% ಬಡ್ಡಿಗೆ ಸಾಲ ಕೊಡಬೇಕು. ಹೀಗೇ 200 ವರ್ಷ ನಡೆಯಬೇಕು. ತಾವೂ ಹಾಗೇ ಸಾಲ ಪಡೆದು ಮೇಲೆ ಬಂದವರು, ಅದಕ್ಕೇ ಈ ಏರ್ಪಾಡು.

ಆಗಿದ್ದೇನು? ಕಾರ್ಖಾನೆಗಳು ಬಂದವು. ಒಬ್ಬ ಯಜಮಾನನ ಕೈಕೆಳಗೆ ಕೆಲಸ ಕಲಿಯುವ ಪದ್ಧತಿಯೇ ಕುಸಿಯಿತು. ಸಾಲ ಕೇಳುವವರು ಕಡಿಮೆಯಾದರು, ತಗೊಂಡವರಲ್ಲಿ ಕೆಲವರು ತೀರಿಸಲಿಲ್ಲ. ದುಡ್ಡನ್ನು ಬೇರೆ ಕಡೆ ತೊಡಗಿಸಬೇಕಾಯಿತು. 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ನಿನಲ್ಲಿ 40 ಲಕ್ಷ ಡಾಲರಿಗೂ ಮೇಲಿತ್ತು, ಫಿಲಡೆಲ್ಫಿಯಾದಲ್ಲಿ ಸುಮಾರು 20 ಲಕ್ಷ. ಒಂದೇ ಮೊತ್ತ, ಒಂದೇ ಉಯಿಲು. ನೋಡಿಕೊಂಡವರು ಬೇರೆ, ಅದಕ್ಕೇ ಫಲವೂ ಬೇರೆ. ಮೊತ್ತ ಬೆಳೆಯಿತು ಅನ್ನುವುದಕ್ಕಿಂತ, ಯಾವ ಹುಡುಗರಿಗೆ ಅಂತ ಇಟ್ಟಿದ್ದರೋ ಅಂಥ ಹುಡುಗರೇ ಸಿಗದೆ ಹೋದರು ಅನ್ನೋದು ನನಗೆ ಹೆಚ್ಚು ಕಾಡುತ್ತದೆ.

ಟರ್ನರ್_ಮಾಮ
ನಾನೂ ಅದೇ ಕಸುಬಿನವನು, ನಿವೃತ್ತ. ಒಂದು ಮಾತು. ಕ್ಯಾಲಿಪರ್ ಸರಿ, ಆದರೆ ಈಗಿನ ಹುಡುಗರು ಹೆಚ್ಚಾಗಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಮೇಲೆ ಕೆಲಸ ಮಾಡುತ್ತಾರೆ. ಅಲ್ಲೂ ಅಳೆಯಲು ಬರಬೇಕು, ಇಲ್ಲ ಅನ್ನಲ್ಲ. 0.02 ಮಿಲಿಮೀಟರ್ ಓದುವ ಸಾದಾ ವರ್ನಿಯರ್ ಕೊಡಿ. ಡಿಜಿಟಲ್‌ದು ಬೇಡ. ಸೆಲ್ ಮುಗಿದರೆ ಮೂಲೆಗೆ ಬೀಳುತ್ತೆ, ಸ್ಕೇಲ್ ಓದೋದೂ ಬರಲ್ಲ.

ಗಡಿಬಿಡಿ_ಗುಂಡ
ಮಾಮ, ಈಗ ಎಲ್ಲ ಡಿಜಿಟಲ್ಲೇ. ಓದೋಕೆ ಸುಲಭ, ತಪ್ಪೂ ಕಡಿಮೆ.

ಟರ್ನರ್_ಮಾಮ
ಕೂಲೆಂಟ್, ಅದೇ ಯಂತ್ರ ತಣ್ಣಗಿಡುವ ದ್ರವ, ಒಳಗೆ ಹೋದ ಮೇಲೆ ನಿನ್ನ ಡಿಜಿಟಲ್ ಏನು ತೋರಿಸುತ್ತೆ ನೋಡಪ್ಪ, ಆಮೇಲೆ ಮಾತಾಡೋಣ.

ಓದುಗ_7
ನೀರು ತಡೆಯುವಂಥವೂ ಬರ್ತವೆ ಮಾಮ.

ಟರ್ನರ್_ಮಾಮ
ಬರ್ತವೆ. ಅದರ ಬೆಲೆಯಲ್ಲಿ ಮೂವರು ಹುಡುಗರಿಗೆ ಸಾದಾ ವರ್ನಿಯರ್ ಕೊಡಿಸಬಹುದು.

ಸಂಸ್ಥೆಯ_ಒಳಗಿನವಳು
ನಾನು ಒಂದು ಸೇವಾ ಸಂಸ್ಥೆಯಲ್ಲಿ ದೇಣಿಗೆ ವಿಭಾಗ ನೋಡಿಕೊಳ್ಳುತ್ತೇನೆ. ಕೌಂಟರಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಕೋಣೆ ಕೊಡುತ್ತೇವೆ ಅಂತ ಬರುವವರು ಬಹಳ. ಅದಕ್ಕೆ ಸುಣ್ಣಬಣ್ಣ, ಕರೆಂಟು, ಗುಡಿಸುವವರ ಸಂಬಳ ಕೊಡುತ್ತೇವೆ ಅನ್ನುವವರು ತೀರಾ ಕಡಿಮೆ. ಕಟ್ಟಡ ಉಡುಗೊರೆ ಥರ ಬರುತ್ತೆ, ಆಮೇಲೆ ಪ್ರತಿ ವರ್ಷ ನಮ್ಮನ್ನೇ ತಿನ್ನುತ್ತೆ. ನಮ್ಮಲ್ಲಿ ಹೆಸರಿನ ಫಲಕ ಇರುವ ಒಂದು ಕೋಣೆಗೆ ಬೀಗ ಹಾಕಿದ್ದೇವೆ. ಸೋರುತ್ತೆ, ರಿಪೇರಿಗೆ ದುಡ್ಡಿಲ್ಲ. ಆ ಮನೆಯವರು ಬಂದರೆ ಮುಖ ತೋರಿಸಲು ನಮಗೇ ಸಂಕೋಚ. ನಿಮ್ಮ ಅಣ್ಣನಿಗೆ ಕೋಣೆಯೇ ಬೇಕು ಅಂದರೆ ಹೊಸದು ಕಟ್ಟಿಸಬೇಡಿ. ಇರುವ ಕೋಣೆಯನ್ನು ಸರಿಮಾಡಿಸಿ, ಉಳಿದದ್ದನ್ನು ಅದರ ನಿರ್ವಹಣೆಗೇ ಇಡಿ.

ಎರಡನೆಯದು, ಷರತ್ತು. "ಇಂಥ ಕೋರ್ಸಿನ, ಇಂಥ ಊರಿನ, ಇಷ್ಟು ಅಂಕದ, ಇಂಥ ವಯಸ್ಸಿನ ಹುಡುಗಿಗೆ ಮಾತ್ರ" ಅಂತ ಬರೆದುಕೊಡುತ್ತಾರೆ. ಕೆಲವು ವರ್ಷ ಅಂಥವರು ಒಬ್ಬರೂ ಸಿಗಲ್ಲ, ದುಡ್ಡು ಸುಮ್ನೆ ಕೂತಿರುತ್ತೆ. ಬಾಗಿಲಲ್ಲಿ ಬೇರೆ ಮಕ್ಕಳು ನಿಂತಿರುತ್ತಾರೆ, ಕೊಡುವ ಹಾಗಿಲ್ಲ. ದಯವಿಟ್ಟು ಒಂದು ಸಾಲು ಸೇರಿಸಿ: ಈ ಉದ್ದೇಶ ನಡೆಯದಿದ್ದರೆ ಇದಕ್ಕೆ ಹತ್ತಿರದ ಇನ್ನೊಂದು ಉದ್ದೇಶಕ್ಕೆ ಬಳಸಬಹುದು.

ಮೂರನೆಯದು, ಹಳೇ ಸಾಮಾನು. ಅಪ್ಪನ ಬಟ್ಟೆ, ಪುಸ್ತಕ, ಮುರುಕು ಗಾಲಿಕುರ್ಚಿ ಎಲ್ಲ ತಂದು ಇಳಿಸಿ ಕಣ್ಣೊರೆಸಿಕೊಂಡು ಹೋಗುತ್ತಾರೆ. ಬೇಡ ಅನ್ನಲು ನಮಗೆ ಬಾಯಿ ಬರಲ್ಲ. ಆಮೇಲೆ ಅದನ್ನು ವಿಂಗಡಿಸಿ ಸಾಗಿಸುವುದಕ್ಕೇ ಒಂದು ದಿನದ ಕೆಲಸ. ತರುವ ಮೊದಲು ಒಂದು ಫೋನ್ ಮಾಡಿ, ಅಷ್ಟೇ.

ಹಳೇ_ನೋಟ್‌ಬುಕ್
ಪುಸ್ತಕದ ಮಾತು ನಿಜ. ಅಮ್ಮನ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡಲು ಹೋದರೆ "ಇವೆಲ್ಲ ನಮ್ಮಲ್ಲಿ ಆಗಲೇ ಇವೆ" ಅಂದರು. ಆಗ ಸಿಟ್ಟು ಬಂದಿತ್ತು. ಕೊನೆಗೆ ಅಲ್ಲಿನವರೇ ಒಂದು ದಾರಿ ಹೇಳಿದರು. ಓದುಗರು ಕೇಳಿಯೂ ಅವರಿಗೆ ಕೊಳ್ಳಲು ಆಗದ ಪುಸ್ತಕಗಳ ಪಟ್ಟಿ ಒಂದು ಇರುತ್ತಂತೆ. ನಾವು ಅದಕ್ಕೆ ದುಡ್ಡು ಕೊಡುತ್ತೇವೆ. ಪುಸ್ತಕದ ಒಳಪುಟದಲ್ಲಿ ಅಮ್ಮನ ಹೆಸರಿನ ಒಂದು ಚೀಟಿ ಅಂಟಿಸುತ್ತಾರೆ. ಪುಸ್ತಕ ಹರಿದುಹೋದರೆ ಚೀಟಿಯೂ ಹೋಗುತ್ತೆ. ಹೋಗಲಿ, ಅಷ್ಟರಲ್ಲಿ ಎಷ್ಟೋ ಜನ ಓದಿರುತ್ತಾರೆ.

ಇತಿಹಾಸ_ಪ್ರಿಯ
ನಿರ್ವಹಣೆ ವಿಷಯ ಬಂತಲ್ಲ, ಅದರಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಗಟ್ಟಿಗ. ಜಗತ್ತಿನಲ್ಲಿ 2500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ದುಡ್ಡು ಕೊಟ್ಟರು. ಆದರೆ ಜಾಗ ಊರಿನವರೇ ಕೊಡಬೇಕು, ಅಲ್ಲದೆ ತಾವು ಕೊಟ್ಟ ಮೊತ್ತದ 10%ರಷ್ಟನ್ನು ಪ್ರತಿ ವರ್ಷ ಊರಿನ ಖಜಾನೆಯಿಂದ ನಿರ್ವಹಣೆಗೆ ತೆಗೆದಿಡಬೇಕು ಅನ್ನೋದು ಅವರ ಸಾಮಾನ್ಯ ಷರತ್ತು. ಆಗಲ್ಲ ಅಂತ ಕೆಲವು ಊರುಗಳು ಕಟ್ಟಡವನ್ನೇ ಬೇಡ ಅಂದವು. ಕಟ್ಟಿ ಪಾಳು ಬೀಳೋದಕ್ಕಿಂತ ಅದೇ ವಾಸಿ.

ಸಂಸ್ಥೆಯ_ಒಳಗಿನವಳು
ನಮ್ಮ ದಾನಿಗಳೆಲ್ಲ ಹೀಗೆ ಯೋಚಿಸಿದ್ದರೆ ನನ್ನ ಬಿಪಿ ಕಡಿಮೆ ಇರುತ್ತಿತ್ತು.

ಕಾನೂನು_ಕಣ್ಣು
ಒಳಗಿನವಳು ಮೇಡಂ ಹೇಳಿದ "ಹತ್ತಿರದ ಉದ್ದೇಶ"ಕ್ಕೆ ಇಂಗ್ಲಿಷ್ ಮೂಲದ ಕಾನೂನು ಇರುವ ದೇಶಗಳಲ್ಲಿ ಸೈ ಪ್ರೇ ಅನ್ನುತ್ತಾರೆ. ದತ್ತಿಯ ಉದ್ದೇಶ ಅಸಾಧ್ಯವಾದರೆ ನ್ಯಾಯಾಲಯ ಅದಕ್ಕೆ ಹತ್ತಿರದ ಉದ್ದೇಶಕ್ಕೆ ತಿರುಗಿಸಬಹುದು. ಆದರೆ ಅದಕ್ಕೆ ಅರ್ಜಿ, ವಕೀಲರು, ಕಾಲ ಎಲ್ಲ ಬೇಕು. ಚಿಕ್ಕ ದತ್ತಿಯಾದರೆ ಅಸಲೇ ವಕೀಲರಿಗೆ ಹೋಗುತ್ತೆ. ಮೊದಲೇ ಒಂದು ಸಾಲು ಬರೆದಿಟ್ಟರೆ ಆ ಗೋಳಿಲ್ಲ.

ಇನ್ನೂ ಕೆಲವು. ನೀವೇ ಟ್ರಸ್ಟ್ ಮಾಡಲು ಹೋಗಬೇಡಿ. ನೋಂದಣಿ, ಲೆಕ್ಕ ತಪಾಸಣೆ, ವರ್ಷ ವರ್ಷದ ಕಾಗದಪತ್ರ ನಿಮ್ಮ ಮೊತ್ತಕ್ಕೆ ಹೊರೆ. ಇರುವ ಸಂಸ್ಥೆಗೇ ಕೊಡಿ, ಯಾವುದಕ್ಕೆ ಅಂತ ಬರೆದು ಕೊಡಿ. ವರ್ಷಕ್ಕೊಮ್ಮೆ ಎಷ್ಟು ಖರ್ಚಾಯಿತು, ಎಷ್ಟು ಜನರಿಗೆ ಸಿಕ್ಕಿತು ಅಂತ ಒಂದು ಪುಟದ ವರದಿ ಕೇಳಿ. ಸಂಸ್ಥೆ ಮುಚ್ಚಿದರೆ, ಇನ್ನೊಂದರ ಜೊತೆ ಸೇರಿದರೆ ಉಳಿದ ದುಡ್ಡು ಯಾರಿಗೆ ಅನ್ನೋದನ್ನೂ ಬರೆಸಿ. ತೆರಿಗೆ ವಿನಾಯಿತಿ ದೇಶಕ್ಕೊಂದು ಥರ, ನಿಮ್ಮ ಲೆಕ್ಕಿಗರನ್ನೇ ಕೇಳಿ. ದುಡ್ಡು ಯಾರ ಹೆಸರಿನಿಂದ ಹೋಗುತ್ತೆ ಅನ್ನೋದರ ಮೇಲೂ ಅದು ಬದಲಾಗಬಹುದು.

ಇದಕ್ಕೆಲ್ಲ ಮೊದಲು ಮೂವರು ಮಕ್ಕಳು ಮತ್ತು ಅಮ್ಮ, ಎಲ್ಲ ಹಕ್ಕುದಾರರೂ ಕಾಗದದಲ್ಲಿ ಸಹಿ ಹಾಕಿ. ಈಗ ಎಲ್ಲರೂ ಒಪ್ಪಿದ್ದಾರೆ ಅನ್ನುತ್ತೀರಿ. ನಾಳೆ ಯಾರಿಗಾದರೂ ದುಡ್ಡಿನ ತೊಂದರೆ ಬಂದರೆ ಆ ಒಪ್ಪಿಗೆ ನೆನಪಿರಲ್ಲ.

ಓದುಗ_7
ಕೊನೆಯ ಮಾತಿಗೆ ನೂರು ಲೈಕ್. ನಮ್ಮ ಮನೆಯಲ್ಲಿ ಅಜ್ಜಿಯ ಹೆಸರಿನ ದತ್ತಿಗೆ ಮಾವ ಒಪ್ಪಿದ್ದರು, ಆಮೇಲೆ ಅತ್ತೆ ಒಪ್ಪಲಿಲ್ಲ, ಆಮೇಲೆ ಯಾರೂ ಮಾತಾಡಲಿಲ್ಲ.

ಹೆಸರು_ಬೇಡ
ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ.

ಇಲ್ಲಿ ಎಲ್ಲರ ಅಪ್ಪ ಅಮ್ಮಂದಿರೂ ಒಳ್ಳೆಯವರು. ನನ್ನ ಅಪ್ಪ ಕುಡಿಯುತ್ತಿದ್ದರು, ಹೊಡೆಯುತ್ತಿದ್ದರು. ಹೋದಾಗ ನನಗೆ ಅಳು ಬರಲಿಲ್ಲ. ಅವರ ಪಾಲಿನ ಸ್ವಲ್ಪ ದುಡ್ಡು ನನ್ನ ಕೈಗೆ ಬಂತು. ಅದನ್ನು ಇಟ್ಟುಕೊಳ್ಳಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಕೊನೆಗೆ ಕುಡಿತ ಬಿಡಿಸುವ ಒಂದು ಕೇಂದ್ರಕ್ಕೆ ಕೊಟ್ಟೆ. ರೋಗಿಗಳ ಚಿಕಿತ್ಸೆಗಲ್ಲ. ಅವರ ಹೆಂಡತಿ ಮಕ್ಕಳ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕರ ಸಂಬಳಕ್ಕೆ. ಹೆಸರು ಹಾಕಬೇಡಿ ಅಂದೆ. ಯಾರ ನೆನಪಿಗೆ ಅಂತ ಅರ್ಜಿಯಲ್ಲಿ ಕೇಳಿದ್ದರು, ಆ ಜಾಗ ಖಾಲಿ ಬಿಟ್ಟೆ.

ಅದರಿಂದ ಅವರನ್ನು ಕ್ಷಮಿಸಿಬಿಟ್ಟೆ ಅಂತಲ್ಲ. ಆ ದುಡ್ಡಿನ ಭಾರ ಇಳಿಯಿತು, ಅಷ್ಟೇ.

ನಿಷ್ಠುರವಾದಿ
ನಿಮ್ಮ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಗೌರವ ಇದೆ.

ಹಳೇ_ನೋಟ್‌ಬುಕ್
ಸಮಾಲೋಚಕರ ಸಂಬಳಕ್ಕೆ ಕೊಟ್ಟಿರಲ್ಲ, ಅದು ಎಷ್ಟೋ ದಾನಿಗಳಿಗೆ ಹೊಳೆಯದ ವಿಷಯ. ಸಂಬಳಕ್ಕೆ ಅಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ.

ಸಂಸ್ಥೆಯ_ಒಳಗಿನವಳು
ಹೌದು. "ನನ್ನ ದುಡ್ಡು ಆಡಳಿತ ಖರ್ಚಿಗೆ ಹೋಗಬಾರದು" ಅನ್ನೋದು ನಾವು ದಿನಾ ಕೇಳುವ ಮಾತು. ಕ್ಯಾಲಿಪರ್ ಯಾರಿಗೆ ಬೇಕು ಅಂತ ಹುಡುಕಿ, ಕೊಂಡು, ತಲುಪಿಸಿ, ನಿಮಗೆ ವರದಿ ಬರೆಯುವವಳೂ ಊಟ ಮಾಡಬೇಕಲ್ಲ. ಹೆಸರು ಬೇಡ ಅವರೇ, ನಿಮ್ಮ ಥರದ ದಾನಿ ಸಿಗುವುದು ಅಪರೂಪ.

ಗಡಿಬಿಡಿ_ಗುಂಡ
ಒಂದು ಅನುಮಾನ. ಹೆಸರೇ ಹಾಕದಿದ್ದರೆ ಅದು ಅಪ್ಪನ ನೆನಪಿನದ್ದು ಅಂತ ಆಗುತ್ತಾ? ಯಾರಿಗೂ ಗೊತ್ತೇ ಆಗಲ್ವಲ್ಲ.

ಓದುಗ_7
ಕೊಟ್ಟವರಿಗೆ ಗೊತ್ತಲ್ವಾ.

ಗಡಿಬಿಡಿ_ಗುಂಡ
ಅಣ್ಣನ ಕಡೆಯಿಂದಲೂ ಸ್ವಲ್ಪ ನೋಡಿ. ಅವರ ಅಪ್ಪ ಜೀವನಪೂರ್ತಿ ಬೇರೆಯವರ ಕಾರ್ಖಾನೆಯಲ್ಲಿ ದುಡಿದರು. ಯಾವ ಗೋಡೆಯ ಮೇಲೂ ಅವರ ಹೆಸರು ಬರಲಿಲ್ಲ. ಒಂದು ಕಡೆ ಬರಲಿ ಅಂತ ಮಗನಿಗೆ ಅನ್ನಿಸಿದರೆ ಅದನ್ನು ಡೌಲು ಅನ್ನೋದು ಸರಿಯಾ? ಮಾಲೀಕರ ಹೆಸರು ಮಾತ್ರ ಕಲ್ಲಿನಲ್ಲಿರಬೇಕಾ?

ನಿಷ್ಠುರವಾದಿ
ಗುಂಡನಿಂದ ಇಂಥ ಮಾತು ನಿರೀಕ್ಷಿಸಿರಲಿಲ್ಲ. ಒಪ್ಪಿದೆ. ಡೌಲು ಅಂದದ್ದು ನಾನಲ್ಲ, ಆದರೂ ಒಪ್ಪಿದೆ.

ಇತಿಹಾಸ_ಪ್ರಿಯ
ಹೆಸರಿನ ಮಾತು ಬಂದದ್ದಕ್ಕೆ ಇನ್ನೊಂದು. ಮೊರಾಕ್ಕೋದ ಫೆಸ್ ಊರಿನ ಅಲ್ ಕರವಿಯ್ಯೀನ್, ಜಗತ್ತಿನ ತೀರಾ ಹಳೆಯ ವಿದ್ಯಾಕೇಂದ್ರಗಳಲ್ಲಿ ಒಂದು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನುವ ಹೆಣ್ಣುಮಗಳು ತಂದೆಯಿಂದ ಬಂದ ಆಸ್ತಿಯಲ್ಲಿ ಅಲ್ಲಿನ ಮಸೀದಿ ಕಟ್ಟಿಸಿದಳು ಅನ್ನೋದು ಪರಂಪರೆಯ ಕತೆ. ಅದಕ್ಕೆ ಅವಳು ಅಪ್ಪನ ಹೆಸರಿಡಲಿಲ್ಲ. ಅವರು ವಲಸೆ ಬಂದ ಕೈರುವಾನ್ ಊರಿನವರ ಹೆಸರು ಅದಕ್ಕೆ ಬಂತು. ಆದರೂ ಅವಳ ಕತೆ ಹೇಳುವಾಗ ಅಪ್ಪನ ಮಾತು ಬರದೆ ಇರಲ್ಲ.

ಓದುಗ_7
ಇತಿಹಾಸ ಸರ್ ಹತ್ತಿರ ಎಲ್ಲದಕ್ಕೂ ಒಂದು ಕತೆ ಇದೆ.

ಲೆಕ್ಕಪುಸ್ತಕ
ಅಕ್ಕನ ಪದಕದ ಬಗ್ಗೆ ಇನ್ನೊಂದು ಆಕ್ಷೇಪಣೆ. ಮೊದಲ ಸ್ಥಾನ ಬಂದವರಿಗೆ ಆಗಲೇ ಮೂರು ನಾಲ್ಕು ಪದಕ ಸಿಕ್ಕಿರುತ್ತೆ. ದಾನಿಗಳೆಲ್ಲ ಅದೇ ಒಬ್ಬ ವಿದ್ಯಾರ್ಥಿಯ ಹಿಂದೆ ಬಿದ್ದಿರುತ್ತಾರೆ. 14ನೇ ಸ್ಥಾನದಲ್ಲಿರುವ, ಸಂಜೆ ಕೆಲಸ ಮಾಡಿ ಓದುವವನನ್ನು ಯಾರೂ ಕೇಳಲ್ಲ.

ಹಳೇ_ನೋಟ್‌ಬುಕ್
ಇಲ್ಲಿ ನನ್ನ ಅಭಿಪ್ರಾಯ ಬೇರೆ. ಪ್ರತಿಭೆಗೆ ಕೊಡುವ ಬಹುಮಾನಕ್ಕೂ ಬೆಲೆ ಇದೆ. ಎಲ್ಲವನ್ನೂ ಕಷ್ಟದ ಅಳತೆಯಲ್ಲೇ ತೂಗಿದರೆ, ಪಡೆಯಬೇಕಾದವರು ಮೊದಲು ತಮ್ಮ ಬಡತನ ರುಜುವಾತು ಮಾಡಬೇಕಾಗುತ್ತೆ. ನಿಷ್ಠುರ ಅವರಿಗೆ ಆದದ್ದು ಅದೇ ಅಲ್ವಾ? ಪದಕ ಪಡೆದವರನ್ನು ಯಾರೂ "ಬಡ ಹುಡುಗ" ಅನ್ನಲ್ಲ.

ಲೆಕ್ಕಪುಸ್ತಕ
ಹಾಗಾದರೆ ಕಷ್ಟ, ಅಂಕ ಎರಡನ್ನೂ ಬಿಡಿ. ಕೋರ್ಸು ಮುಗಿಸಿ ಕೆಲಸಕ್ಕೆ ಹೊರಡುವ ಪ್ರತಿಯೊಬ್ಬರಿಗೂ ಕೊಡಿ. ಯಾರೂ ಏನನ್ನೂ ರುಜುವಾತು ಮಾಡಬೇಕಿಲ್ಲ. 10 ವರ್ಷದ ದಾರಿ ಹಿಡಿದರೆ ಬಹುಶಃ ದುಡ್ಡೂ ಸಾಕಾಗುತ್ತೆ.

ಟರ್ನರ್_ಮಾಮ
ಇದು ಚೆನ್ನಾಗಿದೆ. ಜೊತೆಗೆ ಒಂದು ಸೇಫ್ಟಿ ಕನ್ನಡಕವನ್ನೂ ಸೇರಿಸಿ. ಹೊಸ ಹುಡುಗರು ಅದಕ್ಕೆ ದುಡ್ಡು ಹಾಕಲ್ಲ, ಲೋಹದ ಚೂರು ಹಾರಿ ಕಣ್ಣಿಗೆ ಬಿದ್ದ ಮೇಲೆ ಬುದ್ಧಿ ಬರುತ್ತೆ. ವಿತರಣೆ ದಿನ ಒಬ್ಬ ಹಳಬರನ್ನು ಕರೆದು, ಕ್ಯಾಲಿಪರ್ ಹೇಗೆ ಹಿಡಿಯಬೇಕು, ಸೊನ್ನೆ ದೋಷ (ಬಾಯಿ ಮುಚ್ಚಿದಾಗ ಸೊನ್ನೆ ತೋರಿಸದಿರುವುದು) ಹೇಗೆ ನೋಡಬೇಕು ಅಂತ ಒಂದು ಗಂಟೆ ಹೇಳಿಸಿ. ಭಾಷಣ ಬೇಡ.

ಮೂರನೇ_ಮಗಳು
ಎಲ್ಲರಿಗೂ ಧನ್ಯವಾದ. ಅಣ್ಣ, ಅಕ್ಕ, ಅಮ್ಮ ಮೂವರಿಗೂ ಈ ಚರ್ಚೆಯನ್ನು ಓದಿಸಿದೆ.

ಲೆಕ್ಕಪುಸ್ತಕ ಅವರ 2 ಮತ್ತು 11ರ ಲೆಕ್ಕ ನೋಡಿ ಅಕ್ಕ ಸುಮ್ಮನಾದಳು. ಪದಕ ಬಿಟ್ಟಳು. ಆದರೆ ಹತ್ತು ವರ್ಷಕ್ಕೆ ಮುಗಿದುಹೋಗುತ್ತಲ್ಲ ಅಂತ ಅವಳಿಗೆ ಈಗಲೂ ಸಂಕಟ ಇದೆ. ಅದಕ್ಕೆ ಅಮ್ಮ, "ಅವರಿಂದ ಕ್ಯಾಲಿಪರ್ ತಗೊಂಡ ಹುಡುಗರೇ ಇನ್ನು ಹತ್ತು ವರ್ಷಕ್ಕೆ ನಿವೃತ್ತಿ ಆಗ್ತಾರೆ, ಅವರು ಇರುವಾಗಲೇ ಆಗಲಿ" ಅಂದರು. ಅವರಲ್ಲಿ ಇಬ್ಬರನ್ನು ನಾವು ಹುಡುಕಿದ್ದೇವೆ. ಮಾಮ ಹೇಳಿದ ಒಂದು ಗಂಟೆಯ ಪಾಠಕ್ಕೆ ಬರಲು ಒಪ್ಪಿದ್ದಾರೆ. ತಾವೂ ಸ್ವಲ್ಪ ಹಾಕುತ್ತೇವೆ ಅಂತ ಒಬ್ಬರು ತಾವಾಗಿಯೇ ಕೇಳಿದರು.

ಅಣ್ಣನ ಕಲ್ಲು ಪೂರ್ತಿ ಹೋಗಿಲ್ಲ. ಹೊಸ ಕೋಣೆ ಬೇಡ, ಅಳತೆ ಸಾಮಾನು ಇಡುವ ಈಗಿನ ಕೋಣೆಯ ಕಪಾಟು ಮತ್ತು ಬೆಳಕು ಸರಿಮಾಡಿಸೋಣ ಅಂತಾಯಿತು. ಅಲ್ಲಿ ಚಿಕ್ಕ ಫಲಕ. ಅದರಲ್ಲಿ ಹೆಸರು, ಹುಟ್ಟಿದ ಮತ್ತು ಹೋದ ವರ್ಷ, ಆಮೇಲೆ "ಟರ್ನರ್" ಅಂತ. ಅಣ್ಣ "ಸಮಾಜ ಸೇವಕರು" ಅಂತ ಸೇರಿಸಬೇಕು ಅನ್ನುತ್ತಿದ್ದಾನೆ. ಅದು ಇನ್ನೂ ಇತ್ಯರ್ಥ ಆಗಿಲ್ಲ.

ಗಡಿಬಿಡಿ_ಗುಂಡ
ಟರ್ನರ್ ಅಂತಲೇ ಇರಲಿ!

ನಿಷ್ಠುರವಾದಿ
ಟರ್ನರ್. ಅಣ್ಣನಿಗೆ ನನ್ನ ಹೆಸರು ಹೇಳಿ.

ಕಾನೂನು_ಕಣ್ಣು
ಬೇರೆಯವರೂ ದುಡ್ಡು ಹಾಕುತ್ತಾರೆ ಅಂದರೆ ಅದು ನಿಮ್ಮ ಖಾತೆಗೆ ಬರುವುದು ಬೇಡ, ನೇರ ಸಂಸ್ಥೆಗೇ ಹೋಗಲಿ. ರಸೀದಿ ಅವರವರ ಹೆಸರಿಗೆ. ಇಲ್ಲದಿದ್ದರೆ ಲೆಕ್ಕ ಹೇಳುವ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತೆ. ಫಲಕದ ಖರ್ಚನ್ನೂ ದತ್ತಿಯಿಂದ ತೆಗೆಯಬೇಡಿ. ಅಣ್ಣನೇ ಕೊಡಲಿ, ಮುಂದೆ ಯಾರೂ ಬೆರಳು ತೋರಿಸಲ್ಲ.

ಮೂರನೇ_ಮಗಳು
ಇದು ಹೊಳೆದೇ ಇರಲಿಲ್ಲ. ಸಂಸ್ಥೆಯವರ ಜೊತೆ ಪತ್ರದ ಕರಡು ಮಾಡುತ್ತಿದ್ದೇವೆ, ಎರಡನ್ನೂ ಸೇರಿಸುತ್ತೇನೆ. ಫೋಟೋ ಬೇಡ ಅನ್ನುವ ಸಾಲಿಗೆ ಅವರು ಸ್ವಲ್ಪ ಮುಖ ಸಣ್ಣ ಮಾಡಿದರು, ವಾರ್ಷಿಕ ವರದಿಗೆ ಚಿತ್ರ ಬೇಕಂತೆ.

ಸಂಸ್ಥೆಯ_ಒಳಗಿನವಳು
ಬೇಕೇ ಬೇಕು, ನಮಗೂ ಮೇಲಿನವರು ಕೇಳುತ್ತಾರೆ. ಕೈ ಮತ್ತು ಕ್ಯಾಲಿಪರ್ ಮಾತ್ರ ಕಾಣುವ ಹಾಗೆ ತೆಗೆಯಲಿ, ಮುಖ ಬೇಡ. ನಾವು ಹಾಗೇ ಮಾಡುತ್ತೇವೆ, ನಡೆಯುತ್ತೆ.

ಓದುಗ_7
ವಿಷಯಾಂತರಕ್ಕೆ ಕ್ಷಮೆ ಇರಲಿ. ನನ್ನ ಅಪ್ಪ ಅಮ್ಮ ಇನ್ನೂ ಗಟ್ಟಿಯಾಗಿದ್ದಾರೆ. ಈಗಲೇ ಅವರನ್ನು ಕೂರಿಸಿ "ನಿಮ್ಮ ಹೆಸರಲ್ಲಿ ಏನು ಮಾಡಲಿ" ಅಂತ ಕೇಳಬಹುದಾ? ಕೆಟ್ಟ ಶಕುನ ಅಂದುಕೊಳ್ಳುತ್ತಾರಾ?

ಹಳೇ_ನೋಟ್‌ಬುಕ್
ಹಾಗೆ ಕೇಳಬೇಡಿ. "ನಿಮ್ಮ ಕಷ್ಟದಲ್ಲಿ ಯಾರು ಸಹಾಯ ಮಾಡಿದರು" ಅಂತ ಕೇಳಿ. ನಾನು ಅಮ್ಮನಿಗೆ ಒಮ್ಮೆ ಹಾಗೇ ಕೇಳಿದ್ದೆ, ಗ್ರಂಥಾಲಯದ ವಿಷಯ ಬಂದದ್ದೇ ಆ ಮಾತಿನಲ್ಲಿ.

ನಿಷ್ಠುರವಾದಿ
ಕೇಳೋದು ಯಾಕೆ, ಈಗಲೇ ಅವರ ಕೈಯಿಂದಲೇ ಕೊಡಿಸಿ. ನೋಡಿ ಖುಷಿಪಡಲಿ.

ಲೆಕ್ಕಪುಸ್ತಕ
ಕೊಡಿಸುವ ಮೊದಲು ಅವರ ಔಷಧಿ, ಆಸ್ಪತ್ರೆ ಖರ್ಚಿಗೆ ಸಾಕಷ್ಟು ಇಟ್ಟಿದ್ದೀರಾ ನೋಡಿ. ಆಮೇಲೆ ದಾನ.

ನಿರ್ವಾಹಕ
ಬದುಕಿರುವ ಪೋಷಕರ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಓದುಗ_7. ಡಿಜಿಟಲ್ ಕ್ಯಾಲಿಪರ್ ಜಗಳಕ್ಕೂ ಬೇರೆ ಜಾಗ ಇದೆ, ಮಾಮ ಮತ್ತು ಗುಂಡ ಇಬ್ಬರೂ ಅಲ್ಲಿಗೆ ದಯಮಾಡಿಸಿ. ಇದನ್ನು ಇನ್ನೂ ಮುಚ್ಚುತ್ತಿಲ್ಲ. ದತ್ತಿ ಪತ್ರದ ಕರಡು ಆದ ಮೇಲೆ ಹೆಸರುಗಳನ್ನು ತೆಗೆದು ಇಲ್ಲಿ ಹಾಕಿದರೆ ಬೇರೆಯವರಿಗೂ ಉಪಯೋಗ.

ಮೂರನೇ_ಮಗಳು
ಹಾಕುತ್ತೇನೆ. ಫಲಕದ ಮೇಲೆ ಏನು ಅನ್ನೋದು ಮಾತ್ರ ಅದರೊಳಗೆ ಮುಗಿಯುತ್ತೆ ಅಂತ ಅನ್ನಿಸುತ್ತಿಲ್ಲ. ಅಣ್ಣ ಈಗ "ಹಿರಿಯ ಟರ್ನರ್" ಅಂತ ಶುರು ಮಾಡಿದ್ದಾನೆ.